ಕುದುರೆಯ ಜಾಗದಲ್ಲಿ ನಿಂತ ವೆಲ್ಡರ್

ತಾಂಡ್ಯದ ರಸ್ತೆಯಲ್ಲಿ ಶೆಡ್ ಹಾಕಿಕೊಂಡಿದ್ದ ಆ ವೆಲ್ಡರ್‌ಗೆ ಕುದುರೆ ಎಂದರೆ ಭಯ. ಮದುವೆ ಮೆರವಣಿಗೆಗೆ ಹೋಗುವ ನನ್ನ ಎರಡು ಹೆಣ್ಣು ಕುದುರೆಗಳು ಟ್ರೇಲರ್‌ನಲ್ಲಿ ಕಚ್ಚಾಡುತ್ತಿದ್ದವು. ನಡುವೆ ಒಂದು ತಡೆ ಬೇಕಿತ್ತು. ಎತ್ತು ಸಾಗಿಸುವ ಗಾಡಿಗಳಿಗೆ ಮಾಡುವಂತೆಯೇ ಆತ ನೆಲ ಮುಟ್ಟುವ ಹಾಗೆ ದಪ್ಪ ತಗಡು ಬಿಗಿದ.

ಮುಗಿಸಿದ ಕೆಲಸವನ್ನು ಎರಡೂ ಕೈಯಿಂದ ಅಲುಗಿಸಿ, ಕಿವಿಗೊಟ್ಟು, "ಇರಿ ಸಾ, ಇನ್ನೊಂದ್ಸಲ ನೋಡ್ತೀನಿ" ಎನ್ನುವುದು ಆತನ ರೂಢಿ. ಸಂಜೆ ನರಸೀಪುರದಲ್ಲಿ ಮೆರವಣಿಗೆ. ನನಗೆ ಹೊತ್ತಾಗುತ್ತಿತ್ತು.

"ಬಿಡಿ, ಕುದುರೆ ಹತ್ತಿಸ್ತೀನಿ" ಎಂದೆ.

ಆತ ಬಿಡಲಿಲ್ಲ. ತಾನೇ ಕುದುರೆಯ ಜಾಗದಲ್ಲಿ ಹೋಗಿ ನಿಂತ. "ಏನೂ ಹಿಡ್ಕಳಲ್ಲ. ಕುದ್ರೆಗೇನ್ ಕೈ ಅದಾ? ಓಡ್ಸಿ."

ಮೊದಲ ತಿರುವಿನಲ್ಲೇ ಹಿಂದೆ ದಬ್ ಎಂದಿತು. ಬಾಗಿಲು ತೆಗೆದರೆ ಆತ ಹಲಗೆಯ ಮೇಲೆ ಬಿದ್ದು ಕೂತಿದ್ದ.

"ತಗಡು ಅಡ್ಡ, ಕಾಲ್ ಅಗ್ಲಿಸ್ಕಳಕ್ಕೇ ಜಾಗ ಇಲ್ಲ ಸಾ. ಕುದ್ರೆ ಬಿದ್ದೋಯ್ತದೆ."

ತಗಡಿನ ಕೆಳಭಾಗವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿದ. ಕುದುರೆಗಳನ್ನು ಹತ್ತಿಸಿ ಹೊರಟೆ. ದಾರಿಯುದ್ದಕ್ಕೂ ನನ್ನ ಕಿವಿಯೆಲ್ಲ ಹಿಂದೆಯೇ. ಕನ್ನಡಿಯಲ್ಲಿ ಆತನ ಮೊಪೆಡ್ ಬಿಡದೆ ಕಾಣುತ್ತಿತ್ತು.

ನರಸೀಪುರದಲ್ಲಿ ಎರಡೂ ಏನೂ ಆಗದೆ ಇಳಿದವು. ಆತ ಅವುಗಳಿಂದ ಮಾರು ದೂರ ಸರಿದು, ಖಾಲಿ ಟ್ರೇಲರ್ ಹತ್ತಿದ. ಹಲಗೆಯ ಮೇಲೆ ಗೊರಸು ಜಾರಿದ ಹೊಸ ಗೀರು, ಮೊದಲು ತಗಡು ನಿಂತಿದ್ದ ಗೆರೆಯನ್ನು ದಾಟಿ ಆಚೆ ಬದಿಗೆ ಹೋಗಿತ್ತು. ಕುಕ್ಕರಗಾಲಲ್ಲಿ ಕೂತು ಅದನ್ನು ಬೆರಳಿಂದ ಸವರಿದ.

"ಇರಿ ಸಾ" ಎಂದ. ನೋಡಲು ಇನ್ನೇನೂ ಉಳಿದಿರಲಿಲ್ಲ. ಆದರೂ ತಗಡನ್ನು ಎರಡೂ ಕೈಯಿಂದ ಅಲುಗಿಸಿ, ಕಿವಿಗೊಟ್ಟ.