ಎರಡು ಲೈನು, ಒಂದು ಬೋರ್ಡು

ಆನ್‌ಲೈನ್ ಸಭೆಯೊಂದರಲ್ಲಿ ಅಂಕಣಕಾರ ಹಾಸ್ಯದ ಬಗ್ಗೆ ಭಾಷಣ ಬಿಗಿಯುತ್ತಿದ್ದಾಗ ಮನೆಯ ಇಂಟರ್ನೆಟ್ ಕೈಕೊಟ್ಟಿತು. ಬಾಯಿ ತೆರೆದು ಕಣ್ಣು ಅರೆಮುಚ್ಚಿದ ಅವನ ಮುಖ ಎಲ್ಲರ ಪರದೆಯ ಮೇಲೂ ಏಳು ನಿಮಿಷ ಹಾಗೇ ನಿಂತಿತ್ತಂತೆ. ಇಡೀ ಭಾಷಣದಲ್ಲಿ ಜನ ನಕ್ಕಿದ್ದು ಆಗ ಮಾತ್ರ ಎಂದು ಅಧ್ಯಕ್ಷರೇ ಫೋನ್ ಮಾಡಿ ತಿಳಿಸಿದರು.

ಅವನ ಮಾನ ಹೋದದ್ದು ಹೋಯಿತು. ಆದರೆ ಗುರುವಾರ ಹನ್ನೊಂದಕ್ಕೆ ಹೆಂಡತಿಯ ಆನ್‌ಲೈನ್ ಸಂದರ್ಶನವಿತ್ತು. ಹದಿನಾಲ್ಕು ವರ್ಷ ಮನೆಯಲ್ಲಿದ್ದವಳನ್ನು ಮತ್ತೆ ಪ್ರೋಗ್ರಾಮಿಂಗ್ ಕೆಲಸಕ್ಕೆ ಕರೆದದ್ದು ಅದೊಂದೇ ಕಂಪನಿ. ನಡುವೆ ಸಂಪರ್ಕ ಕಡಿದರೆ ಇನ್ನೊಂದು ಅವಕಾಶವಿಲ್ಲ ಎಂದು ಪತ್ರದಲ್ಲೇ ಬರೆದಿತ್ತು.

ಅಂಕಣಕಾರ ಟೊಂಕ ಕಟ್ಟಿದ. ಇನ್ನೊಂದು ಕಂಪನಿಯಿಂದ ಎರಡನೇ ಇಂಟರ್ನೆಟ್ ಲೈನು ಹಾಕಿಸಿದ. ಒಂದು ಸತ್ತರೆ ಇನ್ನೊಂದು ತಾನಾಗಿ ಕೆಲಸ ಹಿಡಿಯುವಂತೆ ಮಾಡಿ, ಇಲ್ಲದ ಮೀಸೆ ತಿರುವಿದ.

ಅದನ್ನು ನೋಡಲು ಬಂದವರು ಹೆಂಡತಿಯ ಸೋದರಮಾವ. ಮೂವತ್ತೊಂದು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದ ಅವರನ್ನು ಬಂಧುಬಳಗವೆಲ್ಲ ಲೈನ್‌ಮನ್ ಮಾವ ಎನ್ನುತ್ತದೆ. ಯಾರು ಏನು ಹೇಳಿದರೂ ತಲೆಯಾಡಿಸುವ ಮನುಷ್ಯ. ನಂಬುವುದು ಮಾತ್ರ ತನ್ನ ಬೆರಳನ್ನು. ಮದುವೆಮನೆಗೆ ಹೋದರೂ ಮೊದಲು ಮೈಕಿನ ತಂತಿ ಹಿಡಿದು ಅದರ ಮೂಲ ಹುಡುಕುತ್ತಾರೆ. ವಧೂವರರ ಪರಿಚಯ ಆಮೇಲೆ.

ಇಲ್ಲೂ ಎರಡೂ ಇಂಟರ್ನೆಟ್ ಪೆಟ್ಟಿಗೆಗಳ ತಂತಿ ಸವರಿಕೊಂಡು ಹೋದರು. ಬೆರಳು ಸೋಫಾದ ಹಿಂದೆ, ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನ ಮೇಲೆ ನಿಂತಿತು.

"ಎತ್ತೇನೋ ಎರಡು ತಂದಿದೀರ ಅಳಿಯಂದ್ರೇ. ಕಟ್ಟಿರೋ ಗೂಟ ಒಂದೇ."

"ಮಾವ, ಇದು ನಿಮ್ಮ ಕಂಬದ ಕಾಲ ಅಲ್ಲ. ಎಲ್ಲ ಆಟೋಮ್ಯಾಟಿಕ್."

"ಹೌದು ಹೌದು," ಎಂದು ಮಾವ ತಲೆಯಾಡಿಸಿದರು.

ಗುರುವಾರ ಹೆಂಡತಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಹೊರಗೆ ಅಂಕಣಕಾರನಿಗೆ ಕೈಕಟ್ಟಿ ಕೂರಲಾಗಲಿಲ್ಲ. ಮುಗಿಸಿ ಬಂದವಳಿಗೆ ಬಿಸಿ ಕಾಫಿ ಸಿಗಲಿ ಎಂದು ಕರೆಂಟಿನ ಕೆಟಲ್ ತಂದು, ಹತ್ತಿರ ಸಿಕ್ಕ ಬೋರ್ಡಿಗೇ ಸಿಕ್ಕಿಸಿ ಸ್ವಿಚ್ ಒತ್ತಿದ. ಟಪ್ ಎಂದಿತು. ಬೋರ್ಡಿನ ಫ್ಯೂಸ್ ಹಾರಿ, ಎರಡೂ ಪೆಟ್ಟಿಗೆಗಳ ಹಸಿರು ದೀಪಗಳು ಒಟ್ಟಿಗೇ ಕಣ್ಣು ಮುಚ್ಚಿದವು.

ಅವನು ಕೋಣೆಯತ್ತ ಓಡಿದ. ಬಾಗಿಲು ತಳ್ಳಿ ನೋಡಿದರೆ ಹೆಂಡತಿ ಪರದೆಯ ಮುಂದೆ ಸರಾಗವಾಗಿ ಮಾತಾಡುತ್ತಿದ್ದಾಳೆ. ಮೇಜಿನ ಕೆಳಗಿಂದಲೇ ಕೈಯಾಡಿಸಿ ಹೋಗೆಂದಳು. ಅವಳ ಲ್ಯಾಪ್‌ಟಾಪಿನಿಂದ ಹೊರಟ ನೀಲಿ ತಂತಿಯೊಂದು ಕಿಟಕಿ ದಾಟಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಸುತ್ತಿಕೊಂಡು, ಟವೆಲುಗಳ ನಡುವೆ ನುಸುಳಿ, ಮಹಡಿಯ ಮೇಲಿನ ದರ್ಜಿಯ ಮನೆಯ ಇಂಟರ್ನೆಟ್ ಪೆಟ್ಟಿಗೆಗೆ ಏರಿತ್ತು.

ಮಾವ ಹಿತ್ತಲಲ್ಲಿ ನಿಂತು, ತಂತಿ ಜೋಲದಂತೆ ಬಟ್ಟೆಯ ಕ್ಲಿಪ್ಪು ಹಾಕುತ್ತಿದ್ದರು.

"ಅಲ್ಲ ಮಾವ, ನನ್ನ ಮೇಲೆ ನಿಮಗೆ ಒಂಚೂರೂ ನಂಬಿಕೆ ಇರಲಿಲ್ವಾ?"

"ಪೂರ್ತಿ ಇತ್ತು ಅಳಿಯಂದ್ರೇ. ಅದಕ್ಕೇ ನಿನ್ನೆ ದಿನಾನೇ ತಂತಿ ಎಳೆದಿಟ್ಟೆ."