ಗುಡ್ಡದಿಂದ ಇಳಿದು ಬಂದ ದಿನ

ನಿವೃತ್ತರಾದ ವರ್ಷ ನಾವು ಗಂಡ ಹೆಂಡತಿ ಇಟಲಿಗೆ ಹೋಗಿ, ಬಾಡಿಗೆ ಕಾರಿನಲ್ಲಿ ಗುಡ್ಡದ ಮೇಲಿನ ಸಣ್ಣ ಊರುಗಳನ್ನು ವಾರಗಟ್ಟಲೆ ಸುತ್ತಿದೆವು. ಆಟೋಮ್ಯಾಟಿಕ್ ಕಾರಿಗೆ ಒಗ್ಗಿದ ನನಗೆ ಗೇರ್ ಹಾಕುವ ಕಾರು ಓಡಿಸಲು ಬಾರದು. ನಮ್ಮ ಯಜಮಾನರು ಧಾರವಾಡದಲ್ಲಿ ಕಲಿತದ್ದನ್ನು ಮರೆತಿರಲಿಲ್ಲ. ಅಮೆರಿಕದಲ್ಲಿ ನಾವಿರುವ ಹ್ಯೂಸ್ಟನ್ನಿನ ಫ್ರೀವೇಗಳಲ್ಲಿ ಎಂದೂ ಮ್ಯಾಪ್ ನೋಡಿದವರೂ ಅಲ್ಲ.

ನಾಲ್ಕನೆಯ ವಾರ, ಒಂದು ಊರಿನಿಂದ ಇಳಿಯುವಾಗ, ತಿರುವಿನಲ್ಲಿ ಕಾರು ನಿಲ್ಲಿಸಿಬಿಟ್ಟರು. "ನಮ್ಮ ಎಕ್ಸಿಟ್ ದಾಟಿ ಬಂದ್ವೇನು? ಸೈಪ್ರೆಸ್ ಬರಲೇ ಇಲ್ಲಲ್ಲ?" ಎಂದರು. ಸೈಪ್ರೆಸ್ ಎಂದರೆ ಹ್ಯೂಸ್ಟನ್ ಪಕ್ಕದಲ್ಲಿ ನಮ್ಮ ಮನೆಯಿರುವ ಜಾಗ. ತಮಾಷೆಯೆಂದು ನಗಲು ಹೋದವಳು ಅವರ ಮುಖ ನೋಡಿದೆ. ನಿಜವಾಗಿಯೇ ಕೇಳುತ್ತಿದ್ದರು.

"ಇಲ್ರೀ, ಇನ್ನೂ ಮುಂದ ಅದ. ನಾ ಹೇಳ್ತೀನಿ, ಸಾವಕಾಶ ಹೊಡೀರಿ."

ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದರು. ಎಡಕ್ಕೆ, ಬಲಕ್ಕೆ, ಬ್ರೇಕ್ ಎಂದು ಹೇಳುತ್ತ ಹೋದೆ. ಅವರು ಒಂದೂ ಎದುರು ಮಾತಾಡದೆ ಹಾಗೇ ಮಾಡಿದರು. ಕೆಳಗಿನ ಊರಿನಲ್ಲಿ ಎಂಜಿನ್ ಆರಿಸಿದ ಮೇಲೆ ಅವರಿಗೆ ಎಲ್ಲಿದ್ದೇವೆಂದು ತಿಳಿಯಿತು.

"ನಿನಗ ಹೆದರಿಕಿ ಆತೇನು?" ಎಂದು ಕೇಳಿದರು.

"ಇಲ್ಲ."

"ನನಗ ಆತು," ಎಂದರು.

ಉಳಿದ ಊರುಗಳನ್ನು ಬಿಟ್ಟು ಮನೆಗೆ ಮರಳಿದೆವು. ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಈಗ ಕೆಲವು ದಿನ ನನ್ನ ಹೆಸರೂ ಅವರಿಗೆ ಹೊಳೆಯುವುದಿಲ್ಲ. ಪ್ಲೇನೋ ಎಂಬ ಊರಿನಲ್ಲಿರುವ ಮಗಳು ಬಂದಾಗ ಇಟಲಿಯ ಫೋಟೋ ತೋರಿಸಿ, "ಅಪ್ಪಾ, ಯೂ ಲುಕ್ ಸೋ ಹ್ಯಾಪಿ," ಅನ್ನುತ್ತಾಳೆ. ಅವರು ಯಾರೋ ಪರಿಚಯದವರ ಫೋಟೋ ನೋಡಿದಂತೆ ಮರ್ಯಾದೆಗೆ ತಲೆಯಾಡಿಸುತ್ತಾರೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.