ಮಾವಿಸ್ ಬಿಚ್ಚಿದ ಹೊದಿಕೆ

ಹಡರ್ಸ್‌ಫೀಲ್ಡ್‌ನ ನಮ್ಮ ಬೀದಿಯಲ್ಲಿ ಎಲ್ಲರ ಹಿತ್ತಲಲ್ಲೂ ಗುಲಾಬಿ, ಆಲೂಗಡ್ಡೆ. ಪಕ್ಕದ ಮನೆಯ ಸಿರಿಲ್ ಹೆಪ್‌ವರ್ತ್‌ನ ಹಿತ್ತಲಲ್ಲಿ ಮಾತ್ರ ಚೀನಾದ ತಾಳೆ, ಜಪಾನಿನ ಬಾಳೆ, ಆಳೆತ್ತರದ ಜರೀಗಿಡ. ಉಣ್ಣೆ ಗಿರಣಿ ಮುಚ್ಚಿ ಕೆಲಸ ಹೋದಮೇಲೆ ಅವನು ಅವುಗಳಿಗಾಗಿಯೇ ಬದುಕಿದ. ಅಕ್ಟೋಬರ್ ಬಂತೆಂದರೆ ತಾಳೆಯ ಗರಿಗಳನ್ನು ಮೇಲೆತ್ತಿ ಕಟ್ಟುವನು, ಬಾಳೆಯ ಸುತ್ತ ತಂತಿಬಲೆ ನಿಲ್ಲಿಸಿ ಹುಲ್ಲು ತುರುಕುವನು, ಸುಳಿಗೆ ಹನಿ ನೀರೂ ಇಳಿದು ಚಳಿಗೆ ಹೆಪ್ಪುಗಟ್ಟದಂತೆ ಮುಚ್ಚುವನು. ಬೇಸಿಗೆಯಲ್ಲಿ ಜನ ನೋಡಲು ಬರುತ್ತಿದ್ದರು. ಅವರಿಗೆಲ್ಲ ಚಹಾ ಮಾಡಿಕೊಡುತ್ತಿದ್ದವಳು ಅವನ ಹೆಂಡತಿ ಮಾವಿಸ್.

ಒಂದು ಜನವರಿಯಲ್ಲಿ ಮಾವಿಸ್‌ಗೆ ನ್ಯುಮೋನಿಯಾ ಆಯಿತು. ನಾನು ಸೂಪು ತೆಗೆದುಕೊಂಡು ಹೋದಾಗ ಅವಳು ಓವರ್‌ಕೋಟು ತೊಟ್ಟು ಮಲಗಿದ್ದಳು. ಹಾಸಿಗೆಯ ರಜಾಯಿ ಜರೀಗಿಡದ ಮೇಲಿತ್ತು. ಇದೇನು ಎಂದು ಸಿರಿಲ್‌ನನ್ನು ಕೇಳಿದೆ.

"ಜ್ವರ ಬಂದೋರು ನಾಲ್ಕು ದಿನಕ್ಕೆ ಎದ್ದು ಕೂತ್ಕೋತಾರೆ. ಇದಕ್ಕೆ ಸುಳಿ ಸತ್ರೆ ಮುಗೀತು," ಎಂದ.

ಅವಳು ಎದ್ದು ಓಡಾಡುವಂತಾದ ಮೇಲೆ ಆ ಮಾತನ್ನೇ ಪಬ್ಬಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಮೂಲೆಯಲ್ಲಿ ಮಾವಿಸ್ ಕೆಮ್ಮುತ್ತಾ ಕೂತಿದ್ದಳು. ಆ ಕೆಮ್ಮು ಮತ್ತೆ ಅವಳನ್ನು ಬಿಡಲಿಲ್ಲ.

ಹದಿನೈದು ವರ್ಷವಾದ ಮೇಲೆ, ನವೆಂಬರ್ ಕೊನೆಯಲ್ಲಿ, ಸಿರಿಲ್ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ. ಆ ವರ್ಷದ ಹಿಮ ಕರಗುವ ಲಕ್ಷಣವೇ ಇರಲಿಲ್ಲ. ಮಾರನೇ ದಿನ ಮಾವಿಸ್ ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಕೈಯಲ್ಲಿ ಕತ್ತರಿ ಇತ್ತು.

"ಏಣಿ ಹಿಡ್ಕೊಳ್ಳೇ, ಸಾಕು," ಎಂದಳು.

ಹಿಡಿದುಕೊಂಡೆ. ಅವಳು ಹಗ್ಗ ಕತ್ತರಿಸಿದಳು, ಹೊದಿಕೆ ಕಿತ್ತಳು, ಹುಲ್ಲನ್ನೆಲ್ಲ ಎಳೆದು ಹಾಕಿದಳು. ಆಮೇಲೆ ನೀರಿನ ಡಬ್ಬಿ ತಂದು ಒಂದೊಂದು ಸುಳಿಗೂ ತುಂಬಾ ನೀರು ಸುರಿದಳು. ಅವಸರವೇ ಇರಲಿಲ್ಲ. ಏಣಿ ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ.

ಆಸ್ಪತ್ರೆಗೆ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವಳೂ ನಾನೇ. ಸಿರಿಲ್ ಒಂದೊಂದೇ ಗಿಡದ ಹೆಸರು ಹಿಡಿದು ವಿಚಾರಿಸುತ್ತಿದ್ದ. ಎಲ್ಲ ಬೆಚ್ಚಗಿವೆ, ಹುಲ್ಲು ಒಣಗಿಯೇ ಇದೆ ಎಂದು ಅವಳು ಹೇಳುತ್ತಿದ್ದಳು. ಒಂದು ದಿನ ಅವನು ಅವಳ ಕೈ ಹಿಡಿದು, ನೀನಿಲ್ಲದಿದ್ದರೆ ಎಲ್ಲವೂ ಹಾಳಾಗುತ್ತಿತ್ತು ಎಂದು ಅತ್ತ. ಮಾವಿಸ್ ಕೈ ಬಿಡಿಸಿಕೊಂಡು ಕಿತ್ತಳೆ ಸುಲಿಯತೊಡಗಿದಳು.

ಮಾರ್ಚಿನಲ್ಲಿ ಗಾಲಿಕುರ್ಚಿಯಲ್ಲಿ ಮನೆಗೆ ಬಂದ. ಮೊದಲು ಹಿತ್ತಲಿಗೇ ಹೋಗಬೇಕೆಂದ; ನಾನು ತಳ್ಳಿದೆ. ಬಾಳೆ ಕಪ್ಪಗೆ ಕೊಳೆತು ಕುಸಿದಿತ್ತು. ಕೈಗೆಟಕುವ ಗಿಡ್ಡ ತಾಳೆಯೊಂದರ ನಡುಗರಿಯನ್ನು ಅವನು ಮೆಲ್ಲಗೆ ಹಿಡಿದ. ಅದು ಬೆಣ್ಣೆಯಿಂದ ಚಾಕು ಬಂದಂತೆ ಕಳಚಿ ಬಂತು. ಬುಡ ಕೊಳೆತು ನಾರುತ್ತಿತ್ತು.

"ಹುಲ್ಲೆಲ್ಲಿ?" ಎಂದ.

"ಬಿಚ್ಚಿದೆ."

"ಯಾಕೆ?"

"ಸುಳಿ ಸತ್ರೆ ಮುಗೀತು ಅಂತಿದ್ಯಲ್ಲ ಸಿರಿಲ್. ನಿಜಾನಾ ನೋಡೋಣ ಅಂತ."

ಅವನು ಗರಿಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ಒಳಗೆ ಹೋಗಿ ಚಹಾಕ್ಕಿಟ್ಟಳು.

ಮೇ ತಿಂಗಳಲ್ಲಿ ಬಾಳೆಯ ಬುಡದಿಂದ ಹಸಿರು ಕಂದೊಂದು ಎದ್ದಿತು. ಕಿಟಕಿಯಿಂದ ಕಂಡು ಸಿರಿಲ್ ಮಗುವಿನಂತೆ ನನ್ನನ್ನು ಕೂಗಿ ತೋರಿಸಿದ. ಮಾವಿಸ್ ಬ್ರೆಡ್ ಕೊಯ್ಯುವ ಚಾಕು ತೆಗೆದುಕೊಂಡು ಹೋಗಿ ಅದನ್ನು ನೆಲಮಟ್ಟಕ್ಕೆ ಕೊಯ್ದಳು. ಅದು ಮತ್ತೆ ಬಂತು, ಅವಳು ಮತ್ತೆ ಕೊಯ್ದಳು. ಬೇಸಿಗೆಯುದ್ದಕ್ಕೂ ಹೀಗೇ ನಡೆಯಿತು. ಬೇಡವೆನ್ನು ಅವಳಿಗೆ ಎಂದು ಅವನು ನನ್ನನ್ನು ಎರಡು ಸಲ ಕೇಳಿಕೊಂಡ. ನಾನು ಹೇಳಲಿಲ್ಲ.

ಆಗಸ್ಟ್ ಹೊತ್ತಿಗೆ ಅವನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರಲು ಕಲಿತ. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಮಾವಿಸ್ ಬಂದು, ಒಳ್ಳೆ ಬೆಳಕಿದೆ ಎನ್ನುತ್ತಾ, ಕುರ್ಚಿಯನ್ನು ಕಿಟಕಿಗೆ ತಿರುಗಿಸಿ ಗಾಲಿಯ ಬ್ರೇಕು ಹಾಕಿ ಹೋಗುತ್ತಿದ್ದಳು.